ನಾಲ್ಕು ಕಾಲು ಇಳಿಸಿದ ಮೇಲೆ ಚಹಾ

ನಮ್ಮ ಬೀದಿಯಲ್ಲಿ ಕೆನ್ ಬ್ಲೆಂಕಿನ್ ಎಂದರೆ ಜುಗ್ಗ ಎಂದೇ ಹೆಸರು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಂದೇ ಚಹಾ ಪೊಟ್ಟಣವನ್ನು ಎರಡು ಕಪ್ಪಿಗೆ ಅದ್ದುವವನು, ಚಳಿಗೆ ಹೀಟರು ಹಾಕುವ ಮೊದಲು ಇನ್ನೊಂದು ಸ್ವೆಟರು ಹಾಕಿಕೊಂಡು ನೋಡುವವನು, ಮುರಿದ ಕುರ್ಚಿಯ ಮೊಳೆಗಳನ್ನು ಕಿತ್ತು ನೆಟ್ಟಗೆ ಬಡಿದು ಡಬ್ಬದಲ್ಲಿ ಇಟ್ಟುಕೊಳ್ಳುವವನು. ಹಾಗಾಗಿ ಅವನು ತನ್ನ ಕ್ಯಾರವಾನಿಗೆ ಇದ್ದುದರಲ್ಲೇ ಅಗ್ಗದ ವಿಮೆ ಮಾಡಿಸಿದ ಎಂದು ಗೊತ್ತಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವನ ಸ್ವಂತ ಮಗಳೇ, "ನಮ್ಮಪ್ಪ ಅಲ್ವಾ, ಇನ್ನೇನು ಮಾಡ್ತಾರೆ" ಎಂದಳು. ಆ ವಿಮೆ ಆರಿಸುವಾಗ ಅವನ ಪಕ್ಕದಲ್ಲಿ ಕೂತಿದ್ದವಳು ನಾನು, ಎದುರು ಮನೆಯ ಮೇವಿಸ್. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಬಾಯಿ ಜೋರು ಎಂದು ನನಗೂ ಒಂದು ಹೆಸರಿದೆ. ಆ ವಿಮೆಗೂ ಜುಗ್ಗತನಕ್ಕೂ ಏನೂ ಸಂಬಂಧವಿರಲಿಲ್ಲ ಎಂದು ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ. ಒಂದು ಸಲ ಸರಿಯಾಗಿ ಹೇಳಿ ಮುಗಿಸಿಬಿಡುತ್ತೇನೆ.

ಕೆನ್ ಹುಟ್ಟಿದ್ದು ಹಲ್ ಎಂಬ ಊರಿನ ಬಂದರಿನ ಪಕ್ಕದ ಓಣಿಯಲ್ಲಿ. ಅಪ್ಪ ಮೀನಿನ ಹಡಗಿನವನು. ವಾರಗಟ್ಟಲೆ ಸಮುದ್ರದಲ್ಲಿದ್ದು ಎರಡು ಮೂರು ದಿನಕ್ಕೆ ಮನೆಗೆ ಬಂದರೆ ಮಕ್ಕಳು ಯಾರೋ ಬಂದರೆಂದು ಮೆಟ್ಟಿಲ ಕೆಳಗೆ ಅವಿತುಕೊಳ್ಳುತ್ತಿದ್ದರಂತೆ. ಅಪ್ಪ ಟೋಪಿ ತೆಗೆದು, ನಾನು ಕಣ್ರೋ, ನಾನು ಎಂದು ಕರೆಯಬೇಕಾಗುತ್ತಿತ್ತಂತೆ. ಅದನ್ನು ಕೆನ್ ನಗುನಗುತ್ತಲೇ ಹೇಳುತ್ತಿದ್ದ, ಆದರೆ ಅದೇ ಕಾರಣಕ್ಕೆ ಅವನು ಸಮುದ್ರದ ಕಡೆ ಬೆನ್ನು ಹಾಕಿ ಹುಡುಗನಿದ್ದಾಗಲೇ ಕಾಟಿಂಗಂ ಕಡೆಯ ಕ್ಯಾರವಾನ್ ಕಾರ್ಖಾನೆಗೆ ಸೇರಿದ. ಸಂಜೆ ಐದಕ್ಕೆ ಸಿಳ್ಳೆ, ಐದೂವರೆಗೆ ಮನೆ. ಮಾಡುತ್ತಿದ್ದ ಕೆಲಸ ಒಂದೇ: ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಆ ಪುಟ್ಟ ಮನೆಗಳ ಒಳಗೆ, ತಲೆಯ ಮೇಲೆ ಬರುವ ಕಪಾಟುಗಳನ್ನು ಕೂರಿಸುವುದು.

ಆಡ್ರಿ ಅದೇ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಪರದೆ ಹೊಲಿಯುತ್ತಿದ್ದಳು. ಕೆನ್ ಒಂದು ಕಿಟಕಿಯ ಅಳತೆಯನ್ನು ಬೇಕೆಂದೇ ತಪ್ಪಾಗಿ ಬರೆದು ಕಳಿಸಿದ. ಪರದೆ ಗಿಡ್ಡ ಬಂತು. ಆಡ್ರಿ ಕೆಳಗಿಳಿದು ಬಂದು, "ಇಂಚುಪಟ್ಟಿ ಓದೋಕೆ ಬರಲ್ವಾ ನಿಂಗೆ" ಎಂದು ಎಲ್ಲರ ಎದುರು ಬೈದಳು. ಅವನು ಮರುವಾರವೂ ತಪ್ಪು ಬರೆದ. ಮೂರನೆಯ ಪರದೆಯ ಹೊತ್ತಿಗೆ ಅವಳಿಗೆ ಅರ್ಥವಾಗಿತ್ತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಬಾಗಿಲ ಹತ್ತಿರ ನೆಗ್ಗಿಹೋಗಿದ್ದ ಒಂದು ಕ್ಯಾರವಾನು ಅವರ ಕೈಗೆ ಸಿಕ್ಕಿತು. ಆಮೇಲೆ ಇನ್ನೊಂದು. ಕೆನ್ ನಿವೃತ್ತನಾದ ವರ್ಷ ಹೊಚ್ಚ ಹೊಸದು. ಮೂರರಲ್ಲೂ ಒಳಗಿನ ಜೋಡಣೆ ಒಂದೇ: ಬಾಗಿಲು ತೆಗೆದರೆ ಎದುರಿಗೇ ಒಲೆ, ಎಡಗೈಗೆ ಕೆಟಲ್ಲು, ತಲೆಯ ಮೇಲಿನ ಎರಡನೆಯ ಕಪಾಟಿನಲ್ಲಿ ಚಹಾ ಡಬ್ಬಿ, ಬಾಗಿಲ ಪಕ್ಕ ಟೋಪಿ ಹಾಕುವ ಗೂಟ. ಬೇರೆ ಜೋಡಣೆಯದನ್ನು ಆಡ್ರಿ ತಿರುಗಿಯೂ ನೋಡುತ್ತಿರಲಿಲ್ಲ.

ಕ್ಯಾರವಾನು ಕಟ್ಟಿಕೊಂಡು ತಿರುಗುವ ನಮ್ಮ ಜನಕ್ಕೆ ಒಂದು ಕ್ರಮವಿದೆ. ಬಿಡಾರ ಹೂಡುವ ಮೈದಾನ ತಲುಪಿದ ಮೇಲೆ ಗಂಡನದು ಹೊರಗಿನ ಕೆಲಸ, ಹೆಂಡತಿಯದು ಒಳಗಿನದು. ಗಾಡಿ ಅಲುಗಾಡದಂತೆ ನಾಲ್ಕು ಮೂಲೆಗೂ ಮಡಚುವ ಕಾಲುಗಳಿರುತ್ತವೆ; ಉದ್ದನೆಯ ಹಿಡಿ ಹಾಕಿ ತಿರುಗಿಸಿ ಅವನ್ನು ನೆಲಕ್ಕೆ ಇಳಿಸಬೇಕು. ಕೆನ್ ಹಿಂದಿನ ಎರಡು ಕಾಲು ಇಳಿಸಿದ ಕೂಡಲೇ ಆಡ್ರಿ ಒಳಗೆ ಹೋಗುತ್ತಿದ್ದಳು. ಅವನು ಮುಂದಿನ ಎರಡು ಇಳಿಸುವಷ್ಟರಲ್ಲಿ ಕೆಟಲ್ಲು ಸಿಳ್ಳೆ ಹಾಕುತ್ತಿತ್ತು. ಅವನು ಬೂಟು ಕೊಡವಿ ಬಾಗಿಲು ತೆಗೆಯುತ್ತಿದ್ದ. ಅವಳು "ಮಟ್ಟ ಇದೆಯಾ?" ಎಂದು ಕೇಳುತ್ತಿದ್ದಳು. ಅವನು "ಮಟ್ಟ ಇದೆ" ಎನ್ನುತ್ತಿದ್ದ. ಆಮೇಲೆ ಚಹಾ. ಪಕ್ಕದ ಗಾಡಿಯವರು ಮಾತನಾಡಿಸಲು ಬಂದರೂ ಇಷ್ಟು ಮುಗಿಯುವ ತನಕ ಕಾಯಬೇಕು. ಫೈಲಿ, ವಿಟ್ಬಿ, ಹಾರ್ನ್‌ಸೀ, ಎಲ್ಲಿ ಬಿಡಾರ ಹೂಡಿದರೂ ಇದೇ. ನನ್ನ ಗಂಡ ಬದುಕಿದ್ದಾಗ ನಾವೂ ಅವರ ಜೊತೆ ಹೋಗುತ್ತಿದ್ದೆವು, ಆದ್ದರಿಂದ ಬಲ್ಲೆ. ನಾವು ಗಾಡಿ ಹಿಂದಕ್ಕೆ ತಗೊಳ್ಳುವಾಗ ಜಗಳವಾಡುತ್ತಿದ್ದೆವು, ಇಡೀ ಮೈದಾನ ಮಡಚುವ ಕುರ್ಚಿ ಹಾಕಿಕೊಂಡು ನೋಡುತ್ತಿತ್ತು. ಬ್ಲೆಂಕಿನ್ನರು ಒಂದು ದಿನವೂ ಜಗಳವಾಡಿದ್ದು ಕಾಣೆ.

ಆಡ್ರಿಗೆ ಮರೆವು ಶುರುವಾದದ್ದು ಮೊದಲು ಸಣ್ಣಪುಟ್ಟದರಲ್ಲಿ. ಬೀಗದ ಕೈ ಬ್ರೆಡ್ಡಿನ ಡಬ್ಬದಲ್ಲಿ, ಬೆಣ್ಣೆ ಬಟ್ಟೆಯ ಕಪಾಟಿನಲ್ಲಿ. ಆಮೇಲೆ ಮನೆಯೇ ಮರೆತುಹೋಯಿತು. ಒಂದು ಮಧ್ಯಾಹ್ನ ನಾನು ಮೊಟ್ಟೆ ಸ್ಯಾಂಡ್‌ವಿಚ್ ತೆಗೆದುಕೊಂಡು ಹೋದಾಗ ಅವಳು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು ಪಿಸುಗುಟ್ಟಿದಳು.

"ಮೇವಿಸ್, ಆ ಮನುಷ್ಯ ಇನ್ನೂ ಹೋಗಿಲ್ಲ ನೋಡು. ಒಳ್ಳೆಯವನೇ ಪಾಪ, ಪಾತ್ರೆ ಎಲ್ಲ ತೊಳೀತಾನೆ. ಆದ್ರೆ ಕೆನ್ ಬಂದ್ರೆ ಏನಂದ್ಕೊಳ್ತಾನೆ?"

ಆ ಮನುಷ್ಯ ಕೆನ್. ಅಲ್ಲೇ ನಿಂತು ತಟ್ಟೆ ಒರೆಸುತ್ತಿದ್ದ, ಕೇಳಿಸಿತ್ತು. ತಟ್ಟೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದ. ಅವನು ಬಟ್ಟೆಯನ್ನು ಮಡಚಿಟ್ಟು, "ಬಾ, ಒಂದು ತೋರಿಸ್ತೀನಿ" ಎಂದು ನನ್ನನ್ನು ಹೊರಗೆ ಕರೆದುಕೊಂಡು ಹೋದ.

ಅವನಿಗೆ ಕಾರು ಓಡಿಸುವ ಧೈರ್ಯ ಹೋಗಿ ಆಗಲೇ ಎರಡು ಬೇಸಿಗೆ ಕಳೆದಿತ್ತು. ಓಡುತ್ತಿದ್ದ ಕಾರಿನ ಬಾಗಿಲನ್ನು ಆಡ್ರಿ ಒಮ್ಮೆ ತೆಗೆದಿದ್ದಳು. ಕ್ಯಾರವಾನು ಮನೆಯ ಮುಂದೆಯೇ ನಿಂತಿತ್ತು. ಕೆನ್ ಅದರ ಮುಂದಿನ ಎರಡು ಕಾಲುಗಳನ್ನು ಮೇಲಕ್ಕೆತ್ತಿದ. ಆಡ್ರಿಯನ್ನು ಕೈಹಿಡಿದು ತಂದು ಬಾಗಿಲ ಹತ್ತಿರ ಬಿಟ್ಟ. ಅವಳು ಮೆಟ್ಟಿಲು ಹತ್ತಿ ಒಳಗೆ ಹೋದಳು, ನಾನು ಅವಳ ಹಿಂದೆ. ಅವಳ ಕೈ ತಾನಾಗಿ ಕೆಟಲ್ಲಿಗೆ ಹೋಯಿತು. ನೀರು ತುಂಬಿದಳು, ಗ್ಯಾಸು ಹಚ್ಚಿದಳು, ತಲೆ ಎತ್ತಿ ನೋಡದೆಯೇ ಎರಡನೆಯ ಕಪಾಟು ತೆಗೆದಳು. ಮನೆಯಲ್ಲಿ ಚಮಚ ಎಲ್ಲಿದೆ ಎಂದು ತಿಳಿಯದೆ ಅಳುತ್ತಿದ್ದ ಹೆಂಗಸು ಇವಳೇ. ಹೊರಗೆ ಜಿನುಗು ಮಳೆಯಲ್ಲಿ ಹಿಡಿ ತಿರುಗುವ ಸದ್ದು. ಸಿಳ್ಳೆ ಬಂತು, ಬಾಗಿಲು ತೆರೆಯಿತು.

"ಮಟ್ಟ ಇದೆಯಾ?" ಎಂದಳು ಆಡ್ರಿ.

"ಮಟ್ಟ ಇದೆ."

"ಟೋಪಿ ತೆಗಿ ಕೆನ್, ನೀರು ಸೋರ್ತಿದೆ. ಮೇವಿಸ್ ಬಂದಿದಾಳೆ, ಕಾಣಿಸ್ಲಿಲ್ವಾ?"

ಅಷ್ಟೇ. ಒಂದು ಗಂಟೆ ಮೂವರೂ ಕೂತು ಮಾತನಾಡಿದೆವು. ಅವಳಿಗೆ ಎಲ್ಲ ನೆನಪಿತ್ತು ಎಂದಲ್ಲ, ಅದು ಯಾವ ಊರು ಎಂದು ಮೂರು ಸಲ ಕೇಳಿದಳು. ಆದರೆ ಅವನು ಕೆನ್ ಎಂಬುದರಲ್ಲಿ ಅನುಮಾನವಿರಲಿಲ್ಲ. ವಾಪಸು ಮನೆಯೊಳಗೆ ಕಾಲಿಟ್ಟ ಮೇಲೆ ಅವನು ಮತ್ತೆ ಯಾರೋ ಆದ. ದಿನಾ ಮಧ್ಯಾಹ್ನ ಆ ಒಂದು ಗಂಟೆಗಾಗಿ ಕೆನ್ ಮುಂದಿನ ಕಾಲುಗಳನ್ನು ಎತ್ತಿ ಮತ್ತೆ ಇಳಿಸುತ್ತಿದ್ದ. ಬೀದಿಯ ಜನ ಅವನಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡರು. ಲೀಡ್ಸಿನಲ್ಲಿರುವ ಮಗಳು ಲೊರೇನ್‌ಗೆ ಅವನು ಹೇಳಿರಲಿಲ್ಲ. ಅವಳು ಬಂದಾಗಲೆಲ್ಲ ಚಹಾ ಕ್ಯಾರವಾನಿನಲ್ಲೇ ಕೊಡುತ್ತಿದ್ದ. ಅಮ್ಮ ಅಪ್ಪನನ್ನು ಮರೆತಿದ್ದಾಳೆ ಎಂದು ಅವಳಿಗೆ ಸುಳಿವೇ ಸಿಗಲಿಲ್ಲ. "ಅದನ್ನ ಯಾರಿಗೂ ಹೇಳ್ಬೇಡ" ಎಂದ ನನಗೆ. ನನ್ನಂಥವಳಿಗೆ ಬಾಯಿ ಕಟ್ಟಿಕೊಳ್ಳುವುದು ಎಷ್ಟು ಕಷ್ಟವೋ ಅವನಿಗೇನು ಗೊತ್ತು.

ವಿಮೆಯ ಮಾತು ಬಂದದ್ದು ಮರು ವಸಂತದಲ್ಲಿ. ಹಳೆಯ ಕಂಪನಿ ಕಂತು ಏರಿಸಿತ್ತು, ಬೇರೆ ಕಂಪನಿಗೆ ಹೋಗು ಎಂದು ಲೊರೇನ್ ಒಂದು ನಂಬರು ಕೊಟ್ಟಿದ್ದಳು. ಕೆನ್‌ಗೆ ಕಿವಿ ಸ್ವಲ್ಪ ಮಂದ. ಕ್ಯಾರವಾನಿನ ಮೇಜಿನ ಮೇಲೆ ಫೋನಿಟ್ಟು ಸ್ಪೀಕರು ಹಾಕಿದ, ಕೇಳಿಸದ್ದನ್ನು ಹೇಳಲಿ ಎಂದು ನನ್ನನ್ನು ಕೂರಿಸಿಕೊಂಡ. ಆಡ್ರಿ ಕಿಟಕಿಯ ಪಕ್ಕ ಬಿಸ್ಕತ್ತು ತಿನ್ನುತ್ತಿದ್ದಳು. ಆ ಕಡೆಯಿಂದ ಮಾತನಾಡಿದ ಹುಡುಗಿ ಶಾನನ್ ಎಂದು ಹೆಸರು ಹೇಳಿದಳು, ಒಳ್ಳೆಯ ಧ್ವನಿ.

"ಕ್ಯಾರವಾನು ಎಲ್ಲಿ ನಿಲ್ಲಿಸ್ತೀರಿ, ಮಿಸ್ಟರ್ ಬ್ಲೆಂಕಿನ್?"

"ಮನೆ ಮುಂದೆ."

"ಚಕ್ರಕ್ಕೆ ಬೀಗ ಇದೆಯಾ? ಕಾರಿಗೆ ಸಿಕ್ಕಿಸೋ ಕೊಂಡಿಗೆ?"

"ಎರಡಕ್ಕೂ ಇದೆ. ಕಳ್ಳ ಬಂದ್ರೆ ಬೀಗ ಬಿಚ್ಚೋಷ್ಟರಲ್ಲಿ ಅವನಿಗೂ ನನ್ನಷ್ಟೇ ವಯಸ್ಸಾಗುತ್ತೆ."

ಶಾನನ್ ನಕ್ಕಳು. "ವರ್ಷಕ್ಕೆ ಎಷ್ಟು ಸಲ ಉಪಯೋಗಿಸ್ತೀರಿ ಸರ್, ಸುಮಾರಾಗಿ?"

"ದಿನಾ."

"ಅದರಲ್ಲೇ ವಾಸ ಮಾಡ್ತೀರಾ? ವಾಸಕ್ಕಾದ್ರೆ ಈ ವಿಮೆ ಬರಲ್ಲ ಸರ್."

"ವಾಸ ಮನೇಲೇ ಕಣಮ್ಮ. ಇಲ್ಲಿ ಚಹಾ ಕುಡಿಯೋದು."

"ದಿನಾ ಚಹಾ ಕುಡಿಯೋಕೆ."

"ಹೂಂ. ಅದಕ್ಕೂ ವಿಮೆ ಬರಲ್ವಾ?"

"ಚಹಾಕ್ಕೆ ಏನೂ ಅಡ್ಡಿ ಇಲ್ಲ ಸರ್" ಎಂದಳು ಆ ಹುಡುಗಿ, ಮತ್ತೆ ಮುಖ್ಯ ವಿಷಯಕ್ಕೆ ಬಂದಳು. ಎರಡು ಬಗೆ ಇದೆ. ಒಂದು, ಹಳೆಯದಕ್ಕೆ ಹೊಸದು: ಗಾಡಿ ಕಳೆದುಹೋದರೆ, ಪೂರ್ತಿ ಹಾಳಾದರೆ, ಹೊಚ್ಚ ಹೊಸ ಗಾಡಿ ಕೊಡುತ್ತಾರೆ. ಎರಡನೆಯದು, ಮಾರುಕಟ್ಟೆ ಬೆಲೆ: ಆ ದಿನಕ್ಕೆ ಅದು ಎಷ್ಟು ಬಾಳುತ್ತದೋ ಅಷ್ಟು. ಎರಡನೆಯದು ಅಗ್ಗ. "ನೀವೇ ಹೊಸದಾಗಿ ಕೊಂಡಿದ್ದಲ್ವಾ ಸರ್, ಅದಕ್ಕೇ ನಿಮಗೆ ಮೊದಲನೇದು ಇನ್ನೂ ಸಿಗುತ್ತೆ. ನಾನಾಗಿದ್ರೆ ಅದನ್ನೇ ತಗೊಳ್ತಿದ್ದೆ."

ಕೆನ್ ಗಲ್ಲ ಕೆರೆದುಕೊಂಡ. "ಹೊಸದು ಅಂದ್ರೆ, ಇದೇ ಥರದ್ದಾ?"

"ಇದಕ್ಕಿಂತ ಚೆನ್ನಾಗಿರುತ್ತೆ. ಈಗಿನ ಮಾದರಿ."

"ಒಲೆ ಯಾವ ಕಡೆ?"

"ಏನಂದ್ರಿ ಸರ್?"

"ಬಾಗಿಲು ತೆಗೆದು ಒಳಗೆ ಹೋದ್ರೆ, ಒಲೆ ಯಾವ ಕಡೆ ಇರುತ್ತೆ ಅದ್ರಲ್ಲಿ?"

"ಅದು ನನಗೆ ಗೊತ್ತಿಲ್ಲ, ಕಂಪನಿಯವರು ಹೇಗೆ ಮಾಡ್ತಾರೋ ಹಾಗೆ."

"ನಂಗೊತ್ತು. ಈಗ ಹಿಂದಕ್ಕೆ ಹಾಕಿದಾರೆ. ಬಾಗಿಲೂ ಬೇರೆ ಕಡೆ." ಅವನು ಆಡ್ರಿಯ ಕಡೆ ನೋಡಿದ. ಅವಳು ಬಿಸ್ಕತ್ತಿನ ಪುಡಿಯನ್ನು ಅಂಗೈಯಲ್ಲಿ ಒಟ್ಟುಮಾಡುತ್ತಿದ್ದಳು. "ಬೇಡಮ್ಮ. ಹೊಸದು ಕೊಟ್ರೆ ಅವಳಿಗೆ ಕೆಟಲ್ಲು ಸಿಗಲ್ಲ. ಎರಡನೇದೇ ಬರ್ಕೋ."

ಫೋನು ಇಟ್ಟ ಮೇಲೆ ನಾನು ಸುಮ್ಮನಿರಲಿಲ್ಲ. "ಅಗ್ಗದ್ದು ತಗೊಂಡ್ರೆ ಕೆಟಲ್ಲು ಸಿಗುತ್ತಾ? ನಾಳೆ ಏನಾದ್ರೂ ಆದ್ರೆ ಏನ್ಮಾಡ್ತೀಯ?"

"ರಿಪೇರಿ ಮಾಡಿಕೊಡ್ತಾರೆ. ನೋಡು, ನಾನು ಕಾರ್ಖಾನೇಲಿ ಎಲ್ಲಾ ನೋಡಿದೀನಿ. ದುಡ್ಡಿರೋರ ಗಾಡಿ ಹಾಳಾದ್ರೆ ಹೊಸದು ಕಳಿಸ್ತಿದ್ರು, ಹಳೇದು ಗುಜರಿಗೆ. ಬಡವರ ಗಾಡಿ ಮಾತ್ರ ವಾಪಸು ನಮ್ಮ ಹತ್ರಾನೇ ಬರ್ತಿತ್ತು. ತೇಪೆ ಹಾಕಿ, ಪಟ್ಟಿ ಹೊಡೆದು, ಹೇಗಾದ್ರೂ ಮಾಡಿ ಅದನ್ನೇ ಕಳಿಸ್ತಿದ್ವಿ. ಕಡಿಮೆ ಕೊಟ್ಟೋನಿಗೆ ಅವನ ಗಾಡೀನೇ ಸಿಗೋದು."

ಹೇಳಿದ ರೀತಿಗೆ ನನಗೂ ಸರಿ ಎನಿಸಿತು. ಅಷ್ಟು ವರ್ಷ ಅದೇ ಕೆಲಸ ಮಾಡಿದವನ ಮಾತು. ವಿಮೆಯವರು ಕಾರ್ಖಾನೆಯವರಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಬೇಸಿಗೆ ಕಳೆಯಿತು, ಕ್ರಿಸ್ಮಸ್ ಕಳೆಯಿತು. ಫೆಬ್ರುವರಿಯಲ್ಲಿ ದೊಡ್ಡ ಗಾಳಿ ಎದ್ದಿತು. ಗಾಳಿಗೂ ಹೆಸರಿಟ್ಟು ಕರೆಯುವ ಚಾಳಿ ನಮ್ಮವರಿಗೆ ಈಚೆಗೆ ಬಂದಿದೆ. ಅದರ ಹೆಸರು ನನಗೆ ಮರೆತಿದೆ. ಮಟಮಟ ಮಧ್ಯಾಹ್ನ, ಬ್ಲೆಂಕಿನ್ನರು ಮನೆಯೊಳಗೆ ಊಟಕ್ಕೆ ಕೂತಿದ್ದರು. ಬೀದಿಯ ಮರದ ಒಂದು ದಪ್ಪ ಕೊಂಬೆ ಮುರಿದು ಕ್ಯಾರವಾನಿನ ಮುಂಭಾಗದ ಮೇಲೆ ಬಿತ್ತು. ಆಸನಗಳಿದ್ದ ಕಡೆ ಪೂರ್ತಿ ಅಪ್ಪಚ್ಚಿ. ಒಲೆ, ಕಪಾಟು, ಬಾಗಿಲು ಇದ್ದ ನಡುಭಾಗ ಹಾಗೇ ಉಳಿಯಿತು. ನಾನು ಓಡಿ ಹೋದಾಗ ಕೆನ್ ಮಳೆಯಲ್ಲಿ ನಿಂತು ಕೆಟಲ್ಲು ಅದರ ಜಾಗದಲ್ಲಿದೆಯಾ ಎಂದು ಇಣುಕಿ ನೋಡುತ್ತಿದ್ದ. ಇತ್ತು.

"ಪರವಾಗಿಲ್ಲ. ವಿಮೆಯವರು ರಿಪೇರಿ ಮಾಡಿಸ್ತಾರೆ" ಎಂದ.

ಕಂಪನಿಯಿಂದ ಟ್ರಿಗ್ ಎಂಬ ಮನುಷ್ಯ ಬಂದು ಸುತ್ತ ನೋಡಿದ, ಫೋಟೋ ತೆಗೆದ, ನೆಲಕ್ಕೆ ಮೊಣಕಾಲೂರಿ ಅಡಿಯಲ್ಲಿ ಬಗ್ಗಿ ನೋಡಿದ. ಕೆಟ್ಟವನಲ್ಲ. ಕೊನೆಗೆ ಕೈ ಒರೆಸಿಕೊಂಡು, "ಇದು ರಿಪೇರಿಗೆ ಬರಲ್ಲ, ಮಿಸ್ಟರ್ ಬ್ಲೆಂಕಿನ್" ಎಂದ.

"ಯಾಕೆ ಬರಲ್ಲ? ಚೌಕಟ್ಟು ನೆಟ್ಟಗಿದೆ. ಮುಂದಿನ ಗೋಡೆ, ಛಾವಣಿ, ಅಷ್ಟೇ ತಾನೆ? ನಾನೇ ಮಾಡಿದೀನಿ ಇಂಥವನ್ನ."

"ಮಾಡೋಕೆ ಬರುತ್ತೆ. ಆದ್ರೆ ರಿಪೇರಿಗೆ ಆಗೋ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ. ಅಂಥದ್ದನ್ನ ನಾವು ರಿಪೇರಿ ಮಾಡಿಸಲ್ಲ. ಬೆಲೆ ಕೊಟ್ಟು ಗಾಡಿ ತಗೊಂಡು ಹೋಗ್ತೀವಿ." ಅವನು ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡಿದ. "ನೀವು ಹಳೆಯದಕ್ಕೆ ಹೊಸದು ತಗೊಂಡಿದ್ರೆ ಬೇರೆ ಮಾತಿತ್ತು. ಹೊಸ ಗಾಡಿ ಕೊಡೋದಕ್ಕಿಂತ ಇದನ್ನ ರಿಪೇರಿ ಮಾಡಿಸೋದೇ ನಮಗೆ ಅಗ್ಗ ಆಗ್ತಿತ್ತು. ಮಾಡಿಸ್ತಿದ್ವಿ."

ಕೆನ್‌ಗೆ ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಹೇಳಹೊರಟೆ. ಅವನು ಕೈಯೆತ್ತಿ ತಡೆದ. ಕೇಳಿಸಿತ್ತು. ಬಾಗಿಲ ಹಿಡಿಯ ಮೇಲೆ ಅಂಗೈ ಇಟ್ಟ. ಯಾವುದನ್ನು ಉಳಿಸಿಕೊಳ್ಳಲು ಆ ಅಗ್ಗದ ವಿಮೆ ಆರಿಸಿದ್ದನೋ ಅದನ್ನು ಆ ವಿಮೆಯೇ ಕಸಿದುಕೊಂಡಿತ್ತು, ತಪ್ಪೂ ಅವನದೇ. ಬೇರೆಯವರ ಮೇಲೆ ಕೂಗಾಡಲೂ ದಾರಿಯಿರಲಿಲ್ಲ. ಆಮೇಲೆ, "ನಾನು ಕೊಡಲ್ಲ ಅಂದ್ರೆ?" ಎಂದ.

"ಇಟ್ಕೋಬಹುದು. ದುಡ್ಡು ಕಡಿಮೆ ಸಿಗುತ್ತೆ. ಆದ್ರೆ ಇದನ್ನ ಮತ್ತೆ ರಸ್ತೆಗೆ ತರೋಕಾಗಲ್ಲ, ಇನ್ನು ವಿಮೆ ಯಾರೂ ಕೊಡಲ್ಲ."

"ಇಟ್ಕೋತೀನಿ" ಎಂದ ಕೆನ್.

ಸುದ್ದಿ ಕೇಳಿ ಲೊರೇನ್ ಆ ವಾರವೇ ಬಂದಳು, ನಾನೂ ಅಲ್ಲೇ ಇದ್ದೆ. ಬಾಗಿಲಲ್ಲೇ ಶುರುಮಾಡಿದಳು. "ಅಪ್ಪಾ, ನಾನು ಬಡ್ಕೊಂಡೆ. ಅಷ್ಟು ಜುಗ್ಗತನ ಮಾಡ್ಬೇಡ ಅಂದೆ. ಆ ಕಂತಲ್ಲಿ ಏನು ಉಳಿಸಿದೆ ನೀನು? ಈಗ ಆ ಗುಜರಿ ಇಟ್ಕೊಂಡು ಏನ್ಮಾಡ್ತೀಯ?"

ಕೆನ್ ಕೋಟು ಕೊಡು ಎಂದು ಕೈಚಾಚಿದ. ಆಡ್ರಿ ಮುಂದಿನ ಕಿಟಕಿಯ ಹತ್ತಿರ ನಿಂತಿದ್ದಳು. ಕೊಂಬೆ ಬಿದ್ದಂದಿನಿಂದ ದಿನವಿಡೀ ಅಲ್ಲೇ ನಿಲ್ಲುತ್ತಿದ್ದಳು. ಊಟಕ್ಕೆ ಕರೆದರೆ, ಅವನು ಬರಲಿ ಎನ್ನುತ್ತಿದ್ದಳು. ಕೆನ್ ಮಗಳ ಕೋಟನ್ನು ಗೂಟಕ್ಕೆ ಹಾಕುತ್ತಿದ್ದಾಗ ಆಡ್ರಿ ತಿರುಗಿ ನೋಡಿ, ಹೊರಗಿನವರ ಜೊತೆ ಆಡುವ ಮರ್ಯಾದೆಯ ದನಿಯಲ್ಲಿ ಹೇಳಿದಳು:

"ನೀವು ಹೊರಡಿ, ಕತ್ತಲಾಗ್ತಾ ಬಂತು. ಮನೇಲಿ ನಿಮ್ಮ ಹೆಂಡ್ತಿ ಕಾಯ್ತಿರ್ತಾರೆ. ನನ್ನ ಗಂಡ ಕಾಲು ಇಳಿಸೋಕೆ ಹೋದೋನು ಇನ್ನೂ ಬಂದಿಲ್ಲ. ಬಂದ್ಬಿಡ್ತಾನೆ."

"ಆಯ್ತು, ಇನ್ನೇನು ಹೊರಟೆ" ಎಂದ ಕೆನ್.

ಲೊರೇನ್ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ. ನಾನು ಹೌದೆಂದು ತಲೆಯಾಡಿಸಿದೆ. ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿಂದೆಯೇ ಹೋಗಿ ಎಲ್ಲ ಹೇಳಿದೆ, ಒಲೆ ಯಾವ ಕಡೆ ಎಂದು ಕೇಳಿದ್ದನ್ನೂ ಬಿಡದೆ. ಕೊಟ್ಟ ಮಾತು ಮುರಿದದ್ದಕ್ಕೆ ನನಗೆ ಕಿಂಚಿತ್ತೂ ಬೇಜಾರಿಲ್ಲ. ಅವಳು ಅತ್ತು, ಮೂಗು ಒರೆಸಿಕೊಂಡು ಹೊರಬಂದು ಅಪ್ಪನನ್ನು ಕೇಳಿದ್ದು ಒಂದೇ ಮಾತು: "ಏನ್ಮಾಡ್ಬೇಕು ಅಂತಿದೀಯ? ನಾನೇನು ಹಿಡ್ಕೊಳ್ಳಲಿ?"

ಅವನು ಆಗಲೇ ಅಳತೆ ತೆಗೆದಿದ್ದ. ಮನೆಗೆ ಅಂಟಿಕೊಂಡಂತೆ ಅವರದೊಂದು ಗ್ಯಾರೇಜು. ಪಕ್ಕದಲ್ಲಿ ಹುಲ್ಲಿನ ಕಡೆಗೆ ತೆರೆಯುವ ಸಣ್ಣ ಬಾಗಿಲು. ಕಾರು ಮಾರಿದ್ದರಿಂದ ಒಳಗೆ ಮೊಳೆಯ ಡಬ್ಬಗಳು ಬಿಟ್ಟು ಏನೂ ಇರಲಿಲ್ಲ. ಕ್ಯಾರವಾನಿನ ಹೊಟ್ಟೆಯೊಳಗಿನದನ್ನು ಒಂದೊಂದಾಗಿ ಬಿಚ್ಚಿ ಅಲ್ಲಿಗೆ ತಂದ. ಒಲೆ, ನೀರಿನ ತೊಟ್ಟಿ, ಕಪಾಟುಗಳು, ಆಡ್ರಿ ತಾನೇ ಹೊಲಿದಿದ್ದ ಪರದೆಗಳು. ಗ್ಯಾರೇಜಿನ ಆ ಸಣ್ಣ ಬಾಗಿಲು ಕಿತ್ತು ಕ್ಯಾರವಾನಿನ ಬಾಗಿಲನ್ನೇ ಚೌಕಟ್ಟಿನ ಸಮೇತ ಕೂರಿಸಿದ, ಕೆಳಗೆ ಅದರದೇ ಮೆಟ್ಟಿಲು. ಛಾವಣಿ ಎತ್ತರವಾಯಿತೆಂದು ಹಲಗೆ ಹೊಡೆದು ತಗ್ಗಿಸಿದ. ಹಾಳಾದ ಆಸನಗಳಿಗೆ ಲೊರೇನ್ ಅದೇ ಬಣ್ಣದ ಬಟ್ಟೆ ಹುಡುಕಿ ತಂದಳು. ನಾನು ಮಾಡಿದ್ದು ಬರೀ ಅಡುಗೆ ಮತ್ತು ಟೀಕೆ. ಮೊಣಕಾಲು ನೋವಿನ ಮುದುಕ ಎಷ್ಟು ದಿನ ಮಾಡಿದನೋ ಲೆಕ್ಕವಿಟ್ಟಿಲ್ಲ, ತೋಟದಲ್ಲಿ ಹಳದಿ ಹೂ ಬಿಟ್ಟು ಉದುರುವ ತನಕ ನಡೆಯಿತು. ಅಷ್ಟೂ ದಿನ ಆಡ್ರಿ ಕಿಟಕಿಯಲ್ಲೇ ನಿಂತಿದ್ದಳು, ದಿನದಿನಕ್ಕೆ ತೆಳ್ಳಗಾಗುತ್ತಿದ್ದಳು. ತಾನು ಮುಗಿಸುವ ಮೊದಲೇ ಅವಳ ಕೈಗೂ ಕೆಟಲ್ಲಿನ ಜಾಗ ಮರೆತುಹೋದರೆ ಎಂಬುದೊಂದೇ ಅವನ ಭಯ. ಬೇಗ ಬೇಗ ಮಾಡುತ್ತಿದ್ದ, ಬೆರಳಿಗೆ ಸುತ್ತಿಗೆ ಬಡಿದುಕೊಳ್ಳುತ್ತಿದ್ದ.

ನಡುವೆ ಒಂದು ದಿನ ಶಾನನ್ ಫೋನು ಮಾಡಿದಳು. ವರ್ಷ ತುಂಬಿತ್ತು. ಗಾಡಿ ಹೋದದ್ದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ.

"ಮಿಸ್ಟರ್ ಬ್ಲೆಂಕಿನ್, ವಿಮೆ ಮುಂದುವರಿಸೋಣ್ವಾ? ಕ್ಯಾರವಾನು ಈಗ್ಲೂ ಮನೆ ಮುಂದೇನೇ ಇದೆಯಾ?"

"ಇಲ್ಲಮ್ಮ, ಮನೆ ಒಳಗೇ ಬಂದ್ಬಿಡ್ತು" ಎಂದ ಕೆನ್, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ. "ಇನ್ನು ವಿಮೆ ಬೇಡ. ನೀನು ಅವತ್ತು ಸರಿಯಾಗೇ ಹೇಳಿದ್ದೆ. ನಾನೇ ಕೇಳ್ಲಿಲ್ಲ."

ಕೆಲಸ ಮುಗಿದ ದಿನ ಜಿಟಿಜಿಟಿ ಮಳೆ. ಕೆನ್ ಗಡ್ಡ ಬೋಳಿಸಿಕೊಂಡು ಒಳ್ಳೆಯ ಶರಟು ಹಾಕಿಕೊಂಡಿದ್ದ. ತಾನು ಒಳಗೆ ನಿಂತ. ಅವಳು ಬಂದು ನೋಡುವಾಗ ಅವಳ ಮುಖ ಕಾಣಬೇಕು ಎಂದು ಅವನಿಗೆ ಆಸೆ, ಇರಲಿ, ಯಾರಿಗಿರುವುದಿಲ್ಲ. ಲೊರೇನ್ ಮತ್ತು ನಾನು ಆಡ್ರಿಯನ್ನು ಹುಲ್ಲಿನ ಮೇಲಿಂದ ನಡೆಸಿಕೊಂಡು ಬಂದೆವು. ಬಾಗಿಲ ಹಿಡಿಯನ್ನು ಕಂಡ ಕೂಡಲೇ ಅವಳು ನಮ್ಮ ಕೈ ಬಿಡಿಸಿಕೊಂಡಳು. ಮೆಟ್ಟಿಲು ಹತ್ತಿದಳು. ಎಡಗೈ ಚಾಚಿದಳು, ಕೆಟಲ್ಲು ಸಿಕ್ಕಿತು. ನಾನು ಅವಳ ಹಿಂದೆಯೇ ಹತ್ತಿದೆ, ಲೊರೇನ್ ಹೊರಗೇ ನಿಂತಳು.

ಆಡ್ರಿ ನೀರು ತುಂಬಿ, ಒಲೆ ಹಚ್ಚಿ, ತಿರುಗಿದಾಗ ಅವನನ್ನು ಕಂಡಳು. ಕೆನ್ ಬಾಯಿತುಂಬ ನಗುತ್ತ ನಿಂತಿದ್ದ. ಅವಳ ಮುಖ ಬಿಗಿಯಿತು.

"ಯಾರ್ರೀ ನೀವು? ಇಲ್ಲಿಗೆ ಹೇಗೆ ಬಂದ್ರಿ? ನನ್ನ ಗಂಡ ಹೊರಗಡೆ ಕಾಲು ಇಳಿಸ್ತಿದಾನೆ. ಬಂದ್ರೆ ಬೇಜಾರು ಮಾಡ್ಕೋತಾನೆ."

ಅವನ ನಗು ಹಾಗೇ ನಿಂತುಹೋಯಿತು. ಎಲ್ಲ ಜೋಡಿಸಿದವನು ಅದೊಂದನ್ನು ಮರೆತಿದ್ದ. ಅವಳಿಗೆ ಕೆನ್ ಎಂದರೆ ಆ ಬಾಗಿಲಿಂದ ಆಮೇಲೆ ಬರುವವನು, ಮೊದಲೇ ಒಳಗಿರುವವನಲ್ಲ. "ತಪ್ಪಾಯ್ತು, ಗೊತ್ತಾಗ್ಲಿಲ್ಲ" ಎಂದು ಮೈ ಹಿಡಿ ಮಾಡಿಕೊಂಡು ಅವಳ ಪಕ್ಕದಿಂದ ಹೊರಗೆ ಹೋದ. ಅದು ಅವನಿಗೆ ಎಷ್ಟು ನೋಯಿಸಿತು ಎಂದು ನಾನು ಹೇಳಬೇಕಾಗಿಲ್ಲ.

ನಾನು ಕಿಟಕಿಯಿಂದ ನೋಡಿದೆ. ಹೊರಗೆ ಗೋಡೆಗೆ ತೂಗುಹಾಕಿದ್ದ, ಕಾಲು ಇಳಿಸುವ ಹಿಡಿಯನ್ನು ತೆಗೆದುಕೊಂಡ. ಟೋಪಿ ಹಾಕಿಕೊಂಡ. ಮುಂದಿನ ಮೂಲೆ ಇರಬೇಕಾಗಿದ್ದ ಜಾಗಕ್ಕೆ ಹೋಗಿ, ಒದ್ದೆ ಹುಲ್ಲಿನ ಮೇಲೆ ಒಂದು ಮೊಣಕಾಲೂರಿ, ಬರೀ ಗಾಳಿಗೆ ಹಿಡಿ ಹಿಡಿದು ತಿರುಗಿಸತೊಡಗಿದ. ಲೊರೇನ್ ಕೊಡೆ ಹಿಡಿಯಲು ಹೋದಳು.

"ಬಿಡು. ಕಾಲು ಇಳಿಸೋವಾಗ ಯಾರೂ ಕೊಡೆ ಹಿಡಿಯಲ್ಲ" ಎಂದ.

ಒಂದು ಕಾಲಿಗೆ ಎಷ್ಟು ಸುತ್ತು ಬೇಕೋ ಅಷ್ಟು ತಿರುಗಿಸಿ, ಎದ್ದು, ಆ ಕಡೆಯ ಮೂಲೆಗೆ ಹೋಗಿ ಮತ್ತೆ ಕೂತ. ಒಳಗೆ ಆಡ್ರಿ ಎರಡನೆಯ ಕಪಾಟಿನಿಂದ ಡಬ್ಬಿ ತೆಗೆದಳು, ಮೂರು ಕಪ್ಪು ಇಟ್ಟಳು. ಸಿಳ್ಳೆ ಬಂತು. ಹೊರಗೆ ಬೂಟು ಕೊಡವಿದ ಸದ್ದು, ಬಾಗಿಲು ತೆರೆಯಿತು. ಅವನು ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತ. ಅಷ್ಟು ಹೆದರಿದ ಮುಖವನ್ನು ಅವನಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆಡ್ರಿ ತಲೆಯೆತ್ತಿ ನೋಡಿದಳು.

"ಮಟ್ಟ ಇದೆಯಾ?"

"ಮಟ್ಟ ಇದೆ" ಎಂದ ಕೆನ್.

"ಎಷ್ಟೊತ್ತು ನಿಂಗೆ. ಯಾರೋ ಒಬ್ಬ ಬಂದಿದ್ದ, ಒಳ್ಳೆಯವನೇ ಪಾಪ, ಈಗಷ್ಟೇ ಹೋದ. ಬಾ, ಚಹಾ ಆರ್ತಿದೆ."

ಅವನು ಬಂದು ಕೂತ. ಟೋಪಿ ತೆಗೆಯುವುದನ್ನು ಮರೆತಿದ್ದ. ಅವಳೇ ಅದನ್ನು ತೆಗೆದು, ನೀರು ಕೊಡವಿ, ಬಾಗಿಲ ಪಕ್ಕದ ಗೂಟಕ್ಕೆ ನೋಡದೆಯೇ ಹಾಕಿದಳು.